ಬಿಸಿಲಿನ ಮಾಪಕಕ್ಕೂ ಮುದ್ರೆ ಬೀಳಲಿ

ಸಂಪಾದಕರಿಗೆ,

ಮಾನ್ಯರೇ,

ಬಳ್ಳಾರಿಯ ಎಪಿಎಂಸಿ ಅಂಗಳದಲ್ಲಿ ಒಣಮೆಣಸಿನಕಾಯಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ ಮುದ್ರೆ ಹಾಕಿಸಬೇಕೆಂಬುದು ಕಾನೂನು. ಆದರೆ ಆ ಬೆಳೆಯನ್ನು ಬೆಳೆದವರು ದಿನವಿಡೀ ನಿಲ್ಲುವ ಬಿಸಿಲನ್ನು ಅಳೆಯುವ ಉಪಕರಣವು ಯಾವ ಪರಿಶೀಲನೆಯೂ ಇಲ್ಲದೆ ವರ್ಷಗಟ್ಟಲೆ ಅಂಕಿ ತೋರಿಸುತ್ತಿರುವುದನ್ನು ಕಣ್ಣಾರೆ ಕಂಡು ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಏಪ್ರಿಲ್ ಕೊನೆಯಲ್ಲಿ ನಗರದ ಸಂಸ್ಥೆಯೊಂದರ ಫಲಕವು ಮಧ್ಯಾಹ್ನ ಹನ್ನೆರಡೂವರೆಗೆ ಯುವಿ (ನೇರಳಾತೀತ ಕಿರಣ) ಸೂಚ್ಯಂಕ 6 ಎಂದು ತೋರಿಸುತ್ತಿತ್ತು. ಆಕಾಶದಲ್ಲಿ ಮೋಡದ ಸುಳಿವಿರಲಿಲ್ಲ. 15 ಡಿಗ್ರಿ ಉತ್ತರ ಅಕ್ಷಾಂಶದ ನಮ್ಮೂರಿನಲ್ಲಿ ಸೂರ್ಯ ಮೇ ಆರಂಭದಲ್ಲೂ ಆಗಸ್ಟ್ ಎರಡನೇ ವಾರದಲ್ಲೂ ನಡುನೆತ್ತಿಗೆ ಬರುವುದರಿಂದ, ಅಂಥ ಶುಭ್ರ ಮಧ್ಯಾಹ್ನ ಸೂಚ್ಯಂಕ 11ರ ಆಸುಪಾಸಿನಲ್ಲಿ ಇರಬೇಕು. ಅನುಮತಿ ಕೇಳಿ ಮಾಳಿಗೆ ಹತ್ತಿದೆ. ಉಪಕರಣದ ಗಾಜಿನ ಗುಮ್ಮಟದ ಮೇಲೆ ಅದಿರಿನ ಕೆಂಪು ದೂಳು ಹಿಂದಿನ ಮಳೆಹನಿಗಳ ಗುರುತಿನ ಸಮೇತ ಗಟ್ಟಿಯಾಗಿ ಕೂತಿತ್ತು. ತೇವ ಹೀರಲೆಂದು ಒಳಗಿಟ್ಟ ಸಿಲಿಕಾ ಜೆಲ್ ಹರಳುಗಳು ನೀಲಿ ಬಣ್ಣ ಕಳೆದುಕೊಂಡು ತಿಳಿಗುಲಾಬಿಗೆ ತಿರುಗಿದ್ದವು. ಕ್ಯಾಲಿಬ್ರೇಶನ್ (ಅಳತೆಯನ್ನು ಹೋಲಿಸಿ ಸರಿಪಡಿಸುವುದು) ಚೀಟಿಯ ಮೇಲಿದ್ದದ್ದು ಉಪಕರಣ ಕೊಂಡ ವರ್ಷದ ದಿನಾಂಕ. ಒದ್ದೆ ಬಟ್ಟೆಯಿಂದ ಗುಮ್ಮಟ ಒರೆಸಿದ ಮೇಲೆ ಅಂಕಿ 8ಕ್ಕೆ ಏರಿತು. ಉಳಿದ ವ್ಯತ್ಯಾಸ ಒರೆಸಿ ತೆಗೆಯುವಂಥದ್ದಾಗಿರಲಿಲ್ಲ.

ಈ ಉಪಕರಣ ಅಳೆಯುವುದು ಸೆಖೆಯನ್ನಲ್ಲ, ಬೆಳಕನ್ನೂ ಅಲ್ಲ. ನೇರಳಾತೀತ ಕಿರಣಗಳು ಮನುಷ್ಯನ ಚರ್ಮಕ್ಕೆ ಮಾಡುವ ಹಾನಿಯನ್ನು. 1987ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, 298 ನ್ಯಾನೊಮೀಟರ್ ತರಂಗಾಂತರದ ಕಿರಣಕ್ಕೆ ಚರ್ಮವನ್ನು ಕೆಂಪಾಗಿಸುವ ಶಕ್ತಿ ಎಷ್ಟಿದೆಯೋ, 328 ನ್ಯಾನೊಮೀಟರಿನ ಕಿರಣಕ್ಕೆ ಅದರ ಆರುನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಪ್ರತಿ ತರಂಗಾಂತರಕ್ಕೂ ಈ ತೂಕ ಕೊಟ್ಟು ಕೂಡಿಸಿ, ಚದರ ಮೀಟರಿಗೆ ಎಷ್ಟು ವ್ಯಾಟ್ ಎಂದು ಬಂದ ಮೊತ್ತವನ್ನು 40ರಿಂದ ಗುಣಿಸಿದರೆ ಸೂಚ್ಯಂಕ ಸಿಗುತ್ತದೆ. ಇಷ್ಟು ಕಡಿದಾದ ಇಳಿಜಾರಿನಲ್ಲಿ ಉಪಕರಣದ ಫಿಲ್ಟರ್ ಹಳತಾಗಿ ಅದರ ಗುಣ ಒಂದೆರಡು ನ್ಯಾನೊಮೀಟರ್ ಸರಿದರೂ ಲೆಕ್ಕ ಬುಡಮೇಲಾಗುತ್ತದೆ. ತೇವಾಂಶವೂ ಅಳತೆಯನ್ನು ಕೆಡಿಸುತ್ತದೆ. ಉಷ್ಣತೆಯನ್ನು ಸ್ಥಿರವಾಗಿಡುವ ವ್ಯವಸ್ಥೆಯಿಲ್ಲದ ಹಳೆಯ ಮಾದರಿಗಳಲ್ಲಂತೂ ಪ್ರತಿ ಡಿಗ್ರಿಗೆ ಸುಮಾರು ಶೇ 1ರಷ್ಟು ಅಳತೆ ಅಲುಗಾಡುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ.

ಪ್ರಯೋಗಾಲಯದ ದೀಪದ ಕೆಳಗಿಟ್ಟು ಪರೀಕ್ಷಿಸಿದರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಸಾಲದು, ಏಕೆಂದರೆ ದೀಪದ ಕಿರಣಗಳ ಹಂಚಿಕೆ ಬೇರೆ, ಸೂರ್ಯನದ್ದು ಬೇರೆ. ಉಪಕರಣ ಯಾವ ತರಂಗಾಂತರಕ್ಕೆ ಎಷ್ಟು ಸ್ಪಂದಿಸುತ್ತದೆ, ಓರೆಯಾಗಿ ಬೀಳುವ ಕಿರಣಗಳನ್ನು ಎಷ್ಟು ಸರಿಯಾಗಿ ಹಿಡಿಯುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಗುರುತಿಸಿದ ಬಳಿಕ, ಅದನ್ನು ಬಯಲಿನಲ್ಲಿ, ತರಂಗಾಂತರಗಳನ್ನು ಬಿಡಿಬಿಡಿಯಾಗಿ ಅಳೆಯುವ ಸ್ಪೆಕ್ಟ್ರೋರೇಡಿಯೋಮೀಟರಿನ ಪಕ್ಕದಲ್ಲಿಟ್ಟು ಹೋಲಿಸಬೇಕು. ಹೀಗೆ ಬರುವ ತಿದ್ದುಪಡಿಯೂ ಸೂರ್ಯನ ಎತ್ತರ ಮತ್ತು ಓಝೋನ್ ಪ್ರಮಾಣಕ್ಕೆ ತಕ್ಕಂತೆ ಬದಲಾಗುತ್ತದೆ. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿರುವ ವಿಶ್ವ ವಿಕಿರಣ ಕೇಂದ್ರದಲ್ಲಿ ಈ ಕೆಲಸ ನಡೆಯುತ್ತದೆ. ತಣ್ಣನೆಯ ನಾಡಿನ ಓಝೋನಿಗೆ, ಅಲ್ಲಿನ ತಗ್ಗು ಸೂರ್ಯನಿಗೆ ಹೊಂದಿಸಿದ ಒಂದೇ ಅಂಕಿಯನ್ನು ಓಝೋನ್ ಪದರ ತೆಳುವಾಗಿರುವ ಉಷ್ಣವಲಯದಲ್ಲಿ ಹಾಗೆಯೇ ಬಳಸುವುದು ತಪ್ಪು.

6ಕ್ಕೂ 11ಕ್ಕೂ ಇರುವ ಅಂತರ ಕಾಗದದ ಮೇಲಿನದ್ದಲ್ಲ. 2002ರ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲಿ 6–7 ‘ಹೆಚ್ಚು’ ಎಂಬ ವರ್ಗ. 11 ಮತ್ತು ಅದಕ್ಕೂ ಮೇಲಿನದು ‘ವಿಪರೀತ’. ಕೆರೆಯ ಹೂಳೆತ್ತುವವರನ್ನು ಎಷ್ಟು ಹೊತ್ತಿಗೆ ನೆರಳಿಗೆ ಕಳಿಸಬೇಕು, ಶಾಲೆಯ ಆಟೋಟವನ್ನು ಯಾವಾಗ ನಿಲ್ಲಿಸಬೇಕು ಎಂದು ಆ ಫಲಕ ನೋಡಿ ನಿರ್ಧರಿಸುವವರಿಗೆ ತಪ್ಪು ಅಂಕಿ ಹುಸಿ ಧೈರ್ಯ ಕೊಡುತ್ತದೆ. ಈ ಕಿರಣಗಳು ಕಣ್ಣಿನ ಪೊರೆಗೂ ಒಂದು ಕಾರಣ ಎಂಬುದನ್ನು ಹೊಲದಲ್ಲಿ ದುಡಿಯುವವರ ನಾಡು ಮರೆಯಬಾರದು.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಿಗೆ ಸೇರಿ ಒಂದು ಉತ್ತಮ ಆಧಾರ ಉಪಕರಣವನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಕೊಂಡು, ಅದನ್ನು ಮಾತ್ರ ಕಾಲಕಾಲಕ್ಕೆ ಕ್ಯಾಲಿಬ್ರೇಶನ್‌ಗೆ ಕಳಿಸಿ, ಉಳಿದವುಗಳನ್ನು ವರ್ಷಕ್ಕೊಮ್ಮೆ ಅದರ ಪಕ್ಕದಲ್ಲಿಟ್ಟು ಹೋಲಿಸಿದರೆ ಖರ್ಚು ಹಗುರವಾಗುತ್ತದೆ. ಗುಮ್ಮಟ ಒರೆಸಲು ಮತ್ತು ಸಿಲಿಕಾ ಜೆಲ್ ಬದಲಿಸಲು ಒಬ್ಬ ಸಿಬ್ಬಂದಿಯನ್ನು ಹೆಸರು ಹೇಳಿ ನೇಮಿಸಬೇಕು. ಫಲಕದಲ್ಲಿ ಅಂಕಿಯ ಕೆಳಗೇ ಕೊನೆಯ ಕ್ಯಾಲಿಬ್ರೇಶನ್ ದಿನಾಂಕ ಕಾಣಬೇಕು; ಅದು ಇಲ್ಲದ ಫಲಕಗಳಲ್ಲಿ ಯುವಿ ಅಂಕಿಯನ್ನು ಸದ್ಯಕ್ಕೆ ತೋರಿಸಬಾರದೆಂದು ಸಂಬಂಧಪಟ್ಟವರನ್ನು ಕೋರುತ್ತೇನೆ.

ಇತಿ,
ನಿವೃತ್ತ ಭೌತವಿಜ್ಞಾನ ಉಪನ್ಯಾಸಕ,
ಬಳ್ಳಾರಿ