ಅಪ್ಪನ ಕಾಲು ಮೊದಲು ತೋರಿಸು

ಪ್ರೀತಿಯ ಅಕ್ಕನಿಗೆ,

ಎಲ್ಲರಿಗೂ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಪ್ಪನ ಹೆಬ್ಬೆರಳಿನ ಗಾಯ ಇನ್ನೂ ಒಣಗಿಲ್ಲ ಅಂತ ನಿನ್ನ ಕಾಗದದಲ್ಲಿ ಓದಿದ ಮೇಲೆ ನಿದ್ದೆ ಹತ್ತಲಿಲ್ಲ.

ಅಮ್ಮ ನನ್ನ ಕೆಲಸದ ಬಗ್ಗೆ ಹೆದರಿಕೊಂಡಿದ್ದಾರಲ್ವಾ, ಅವರಿಗೆ ಹೀಗೆ ಹೇಳು. ಉತ್ತರ ಆಸ್ಟ್ರೇಲಿಯಾದಲ್ಲಿ ಈಗ ಮಳೆ ಇಲ್ಲದ ಕಾಲ, ದನ ಕೂಡಿಸುವ ಸಮಯ. ದೂರದ ಮಂದೆಯನ್ನು ಹೆಲಿಕಾಪ್ಟರ್ ಅಟ್ಟಿಕೊಂಡು ಬರುತ್ತದೆ. ಹೌದು, ಹೆಲಿಕಾಪ್ಟರೇ! ಆಮೇಲೆ ನಾವು ಕುದುರೆ, ಬೈಕಿನಲ್ಲಿ ದೊಡ್ಡಿಗೆ ಸೇರಿಸುತ್ತೇವೆ. ಕೂಗಾಡುವ ಹಾಗಿಲ್ಲ, ಗಾಬರಿಯಾಗುತ್ತವೆ. ಭುಜದಿಂದ ಸ್ವಲ್ಪ ಹಿಂದೆ, ಪಕ್ಕದಲ್ಲಿ ಹತ್ತಿರ ಹೋದರೆ ದನ ಮುಂದೆ ನಡೆಯುತ್ತದೆ. ಭುಜ ದಾಟಿ ಮುಂದೆ ಬಂದರೆ ನಿಲ್ಲುತ್ತದೆ. ನೇರ ಬೆನ್ನ ಹಿಂದೆ ಇರುವವರು ಅದಕ್ಕೆ ಕಾಣುವುದಿಲ್ಲ. ಅಲ್ಲಿ ನಾನು ನಿಲ್ಲುವುದೇ ಇಲ್ಲ. ಸಂಜೆ ಬೇಲಿ, ನೀರಿನ ತೊಟ್ಟಿ ನೋಡಿ ಬರುವುದು, ಅಷ್ಟೇ. ಇಲ್ಲಿನ ಬ್ರಾಹ್ಮನ್ ದನಕ್ಕೆ ಡುಬ್ಬ, ಇಳಿಬಿದ್ದ ಗಂಗೆದೊಗಲು ಎಲ್ಲಾ ಇದೆ. ಅಮೆರಿಕದಲ್ಲಿ ಭಾರತದ ತಳಿಗಳಿಂದಲೇ ಮಾಡಿದ್ದು, ನಮ್ಮ ಕೃಷ್ಣಾ ಕಣಿವೆ ತಳಿಯ ರಕ್ತವೂ ಸೇರಿದೆ. ಇಲ್ಲಿಯವರಿಗೆ ಇದನ್ನು ಹೇಳುವಾಗ ನನಗೆ ಎಷ್ಟು ಹೆಮ್ಮೆ ಗೊತ್ತಾ?

ಅಪ್ಪನ ವಿಷಯ ಕೇಳು. ಇಲ್ಲಿ ಒಂದು ದನ ಕುಂಟಿದರೂ ಅದನ್ನು ಬೇರೆ ಮಾಡಿ, ಗೊರಸಿನ ಸಂದು ತೊಳೆದು ನೋಡುತ್ತೇವೆ. ಸಂದು ಕೊಳೆತಿದ್ದರೆ, ಬೇಗ ಇಂಜೆಕ್ಷನ್ ಕೊಟ್ಟರೆ ವಾಸಿಯಾಗುತ್ತದೆ, ಬಿಟ್ಟರೆ ಆ ಕೊಳೆ ಕೀಲಿನವರೆಗೂ ಹೋಗಬಹುದು. ದನಕ್ಕೇ ಇಷ್ಟು ನೋಡುವಾಗ ಅಪ್ಪನ ಕಾಲನ್ನು ಸುಮ್ನೆ ಬಿಡುವುದಾ? "ನೋವೇ ಇಲ್ಲ" ಅಂತಾರಂತೆ. ನನಗೆ ಭಯ ಆಗುವುದೇ ಅದಕ್ಕೆ, ಅಕ್ಕ. ಸಕ್ಕರೆ ಕಾಯಿಲೆಯಲ್ಲಿ ನರ ಮರಗಟ್ಟಿದರೆ ಗಾಯ ಎಷ್ಟು ಆಳವಾದರೂ ನೋವು ಗೊತ್ತಾಗುವುದಿಲ್ಲ. ಬಿಸಿನೀರಲ್ಲಿ ಕಾಲು ಇಡಿಸಬೇಡ, ಸುಟ್ಟರೂ ತಿಳಿಯಲ್ಲ. ಮನೆಯೊಳಗೂ ಚಪ್ಪಲಿ ಹಾಕಲಿ. ದಿನಾ ಬೆರಳಿನ ಸಂದು ನೀನೇ ನೋಡು. ಕಪ್ಪಾದರೆ, ವಾಸನೆ ಬಂದರೆ, ಕಾಲು ಊದಿದರೆ ಅಥವಾ ಜ್ವರ ಬಂದರೆ ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು. ಏನೂ ಇಲ್ಲದಿದ್ದರೂ ಈ ವಾರವೇ ತೋರಿಸು. ಭಾವನಿಗೆ ಹೇಳು, ಭಾವನ ಮಾತನ್ನು ಅಪ್ಪ ತೆಗೆದುಹಾಕುವುದಿಲ್ಲ.

ದುಡ್ಡಿನ ಯೋಚನೆ ಬೇಡವೇ ಬೇಡ, ಸಂಬಳ ಬಂದ ತಕ್ಷಣ ಕಳಿಸುತ್ತೇನೆ. ನನಗೇನೂ ಆಗಿಲ್ಲ, ಆಗುವುದೂ ಇಲ್ಲ. ಊಟ, ನಿದ್ದೆ ಎಲ್ಲಾ ಸರಿಯಾಗಿದೆ. ಕ್ಯಾಂಪಿನಲ್ಲಿ ಫೋನ್ ಸಿಗಲ್ಲ, ಆದರೂ ಡಾಕ್ಟರ್ ಏನಂದರು ಅಂತ ಮೆಸೇಜ್ ಹಾಕಿಡು, ಶನಿವಾರ ನೋಡುತ್ತೇನೆ. ಗಾಡಿ ಹೊರಟಿತು, ಕಾಗದ ಕೊಟ್ಟು ಕಳಿಸಬೇಕು.

ನಿನ್ನ ತಮ್ಮ