ಮಕ್ಕಳ ವಸ್ತುಸಂಗ್ರಹಾಲಯದಲ್ಲಿ ‘ಮುಟ್ಟಬೇಡಿ’ ಚೀಟಿ ಏಕೆ?

ಮಾನ್ಯ ಸಂಪಾದಕರೇ,

ಇತ್ತೀಚೆಗೆ ಮನೆಮಂದಿಯೆಲ್ಲ ಮಕ್ಕಳ ವಸ್ತುಸಂಗ್ರಹಾಲಯವೊಂದಕ್ಕೆ ಹೋಗಿದ್ದೆವು. ಅಲ್ಲಿ ಸ್ಥಿರ ರಾಟೆಯಿಂದ ಮರಳಿನ ಚೀಲವನ್ನು ಎತ್ತಲಾಗದೆ ಸೋತ ನನ್ನ ಆರು ವರ್ಷದ ಮಗಳು, ಚೀಲದೊಂದಿಗೇ ಮೇಲೇರುವ ಇನ್ನೊಂದು ರಾಟೆಯಿಂದ ಅಷ್ಟೇ ತೂಕವನ್ನು ಸಲೀಸಾಗಿ ಎತ್ತಿದಳು. ಬಳಿಕ ಕಾಲಬುಡದಲ್ಲಿ ಸುರುಳಿಯಾಗಿ ಬಿದ್ದಿದ್ದ ಹಗ್ಗವನ್ನು ದಿಟ್ಟಿಸಿ, ‘ಇದರಲ್ಲಿ ಹಗ್ಗ ಜಾಸ್ತಿ ಎಳೀಬೇಕು’ ಎಂದಳು. ಹಾಕುವ ಬಲ ಅರ್ಧಕ್ಕಿಳಿದರೆ ಎಳೆಯಬೇಕಾದ ಉದ್ದ ಇಮ್ಮಡಿಯಾಗುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಕ್ಷಣ ನನಗೆ ಮಾತೇ ಹೊರಡಲಿಲ್ಲ.

ಆದರೆ ಪಕ್ಕದ ಹಲ್ಲುಚಕ್ರಗಳ ಫಲಕ ಕೆಟ್ಟು ನಿಂತಿತ್ತು. ಅದರ ಮೇಲೆ ‘ಮುಟ್ಟಬೇಡಿ’ ಎಂಬ ಚೀಟಿ. ವಿವರಣೆಗಳೆಲ್ಲ ದೊಡ್ಡವರ ಕಣ್ಣಿನ ಎತ್ತರದಲ್ಲಿದ್ದವು. ಜೊತೆಗೆ ಬಂದಿದ್ದ ಅಜ್ಜಿಗೆ ಕೂರಲು ಒಂದು ಬೆಂಚೂ ಇರಲಿಲ್ಲ.

ಮಕ್ಕಳಿಗೆಂದೇ ಮೀಸಲಾದ ಮೊದಲ ವಸ್ತುಸಂಗ್ರಹಾಲಯ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1899ರಲ್ಲೇ ಆರಂಭವಾಯಿತು. ಇಷ್ಟು ಹಳೆಯ ಪರಿಕಲ್ಪನೆಯನ್ನು ನಡೆಸುವವರು ಹೊಸ ಸಲಕರಣೆ ತರುವ ಮೊದಲು ಇರುವುದನ್ನು ದುರಸ್ತಿಯಲ್ಲಿಡಲಿ, ಫಲಕಗಳನ್ನು ಮಕ್ಕಳ ಎತ್ತರಕ್ಕೆ ಇಳಿಸಲಿ. ಪೋಷಕರೂ ಅಷ್ಟೇ: ಮಗು ಒಂದೇ ಕಡೆ ಅರ್ಧ ಗಂಟೆ ನಿಂತರೆ, ದಯವಿಟ್ಟು ಕೈಹಿಡಿದು ಮುಂದಕ್ಕೆ ಎಳೆಯಬೇಡಿ.

– ಓರ್ವ ತಾಯಿ