ಅಣಬೆ ಕ್ಯಾಪ್ಸೂಲಿನಲ್ಲಿ ಅಣಬೆ ಎಷ್ಟು, ಜೋಳ ಎಷ್ಟು?

ಮಾನ್ಯ ಸಂಪಾದಕರೇ,

ಒಂದು ತಿಂಗಳಿಂದ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಔಷಧಿ ಅಣಬೆ ಕ್ಯಾಪ್ಸೂಲಿನ ಜಾಹೀರಾತು ನಾಲ್ಕೈದು ಸಲ ಬಂತು. ನಮ್ಮ ಪಕ್ಕದ ಮನೆಯ ಸೊಸೆ ಅದನ್ನು ನೋಡಿ, ಮಾವನವರ ಸಕ್ಕರೆ ಕಾಯಿಲೆಗೆ ಆದೀತು ಅಂತ 1,450 ರೂಪಾಯಿ ಕೊಟ್ಟು 60 ಕ್ಯಾಪ್ಸೂಲಿನ ಡಬ್ಬಿ ತಂದಳು. ಮೂರು ದಿನ ಕೊಟ್ಟ ಮೇಲೆ ಏನನ್ನಿಸಿತೋ, ಡಬ್ಬಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. “ಕಾಕಾ, ನೀವು ಲ್ಯಾಬಿನ್ಯಾಗ ಇದ್ದವ್ರು. ಇದು ಖರೇ ಐತೋ ಖೊಟ್ಟಿ ಐತೋ ಒಂದ್ಸಲ ನೋಡಿ ಹೇಳ್ರಿ.”

ನಾನು ಪ್ರೊಫೆಸರ್ ಅಲ್ಲ. ಧಾರವಾಡದ ಒಂದು ಕಾಲೇಜಿನ ಲ್ಯಾಬಿನಲ್ಲಿ 31 ವರ್ಷ ಫ್ಲಾಸ್ಕ್ ತೊಳೆದವ, ಆಟೋಕ್ಲೇವ್ ಕಾಯ್ದವ. ಆದರೆ ಕೊನೆಯ ಎಂಟು ವರ್ಷ ನಮ್ಮ ಸರ್ ಗ್ಯಾನೊಡರ್ಮಾ ಬೆನ್ನು ಹತ್ತಿದ್ದರಿಂದ ಆ ಅಣಬೆಯ ಹಠವೆಲ್ಲ ನನಗೂ ಗೊತ್ತಾಯಿತು. ಹಾನಗಲ್ ಕಡೆಯ ಅಡಿಕೆ ತೋಟದವರಿಗೆ ಈ ಕುಲದ ಪರಿಚಯ ಹೇಳಬೇಕಿಲ್ಲ. ಅಡಿಕೆ ಮರದ ಬುಡ ಕೊಳೆಸುವ ‘ಅಣಬೆ ರೋಗ’ ಇದರದ್ದೇ. ತೋಟದವರಿಗೆ ಶನಿ, ಔಷಧಿಯಾಗಿ ಬಳಸುವ ಚೀನಾದವರಿಗೆ ಲಿಂಗ್‌ಝಿ, ಜಪಾನಿನವರಿಗೆ ರೀಶಿ.

ಡಬ್ಬಿಯ ಮೇಲೆ ಇದೇ ಅಣಬೆಯ ಬಣ್ಣದ ಚಿತ್ರವಿತ್ತು, ‘ಮಶ್ರೂಮ್ 500 ಮಿ.ಗ್ರಾಂ’ ಎಂದಿತ್ತು. ಅಷ್ಟೇ. ಒಳಗಿರುವುದು ಮರದ ಮೇಲೆ ಬರುವ ಅಣಬೆಯೋ, ಅದರ ಮೈಸೀಲಿಯಮ್ಮೋ, ಮೈಸೀಲಿಯಮ್ಮಾದರೆ ಅದನ್ನು ಯಾವುದರಲ್ಲಿ ಬೆಳೆಸಿದ್ದೋ, ಒಂದಕ್ಷರವಿಲ್ಲ.

ಮೈಸೀಲಿಯಂ ಅಂದರೆ ಕಟ್ಟಿಗೆಯೊಳಗೋ ಮಣ್ಣಿನೊಳಗೋ ಹಬ್ಬಿರುವ ಬಿಳಿ ನೂಲು. ನಾವು ಕಾಣುವ ಅಣಬೆ ಅದರ ಫಲ, ನಿಜವಾದ ಜೀವ ಆ ನೂಲು. ಗ್ಯಾನೊಡರ್ಮಾ ಫಲ ಬಿಡಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು. ನೂಲನ್ನು ನೀರಿನಂಥ ಪೋಷಕದಲ್ಲಿ ಬೆಳೆಸಿದರೆ ವಾರ, ಹತ್ತು ದಿನ ಸಾಕು. ಇದು ಹೊಸ ವಿದ್ಯೆಯೂ ಅಲ್ಲ. ಹಂಫೆಲ್ಡ್ ಎಂಬ ಅಮೆರಿಕದ ವಿಜ್ಞಾನಿ ತಿನ್ನುವ ಅಣಬೆಯ ನೂಲನ್ನು ಹೀಗೆ ದ್ರವದೊಳಗೆ ಬೆಳೆಸಿ 1948ರಲ್ಲೇ ಪ್ರಕಟಿಸಿದ್ದರು.

ನಮ್ಮ ಲ್ಯಾಬಿನಲ್ಲಿ ಲೀಟರ್ ನೀರಿಗೆ 20 ಗ್ರಾಂ ಗ್ಲೂಕೋಸ್, ಸ್ವಲ್ಪ ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್, ಪೆಪ್ಟೋನ್, ಚಿಟಿಕೆ ಲವಣ. 121 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿ, ತಣ್ಣಗಾದ ಮೇಲೆ ನೂಲು ಬೆಳೆಸಿಟ್ಟ ಪ್ಲೇಟಿನಿಂದ ಚೂರು ಕತ್ತರಿಸಿ ಹಾಕಿ, ಫ್ಲಾಸ್ಕ್ ಅಲುಗಾಡಿಸುವ ಶೇಕರ್ ಯಂತ್ರಕ್ಕೆ ಏರಿಸುತ್ತಿದ್ದೆ. ನಿಮಿಷಕ್ಕೆ 150 ಸುತ್ತು, 28 ಡಿಗ್ರಿ. ನಾಲ್ಕನೆಯ ದಿನಕ್ಕೆ ನೆನೆಸಿಟ್ಟ ಸಾಬೂದಾಣಿಯಂಥ ಬಿಳಿ ಗುಂಡುಗಳು ತಿರುಗತೊಡಗುತ್ತವೆ. ಎಂಟನೆಯ ದಿನಕ್ಕೆ ರಸ ಅಗಸಿ ನೆನೆಸಿದ ನೀರಿನಂತೆ ಲೋಳೆ ಲೋಳೆ. ಬ್ಯಾಕ್ಟೀರಿಯಾ ಹೊಕ್ಕಿದ್ದರೆ ಮಾತ್ರ ಒಂದೇ ರಾತ್ರಿಯಲ್ಲಿ ಮಜ್ಜಿಗೆಯಂತೆ ಕದಡಿ ಹುಳಿ ವಾಸನೆ ಹೊಡೆಯುತ್ತಿತ್ತು. ಬಾಗಿಲಲ್ಲೇ ಮೂಗಿಗೆ ಗೊತ್ತಾಗುತ್ತಿತ್ತು, ಸರ್ ಮುಖ ನೋಡುವ ಧೈರ್ಯ ಆಗುತ್ತಿರಲಿಲ್ಲ.

ಗುಂಡುಗಳನ್ನು ಸೋಸಿ ತೊಳೆದು ಒಣಗಿಸಿದರೆ ಲೀಟರಿಗೆ ಹತ್ತು ಗ್ರಾಂ ಸಿಕ್ಕರೆ ಆ ದಿನ ಸರ್ ಎಲ್ಲರಿಗೂ ಚಹಾ ಕೊಡಿಸುತ್ತಿದ್ದರು. ಸೋಸಿದ ರಸವನ್ನೂ ಚೆಲ್ಲುತ್ತಿರಲಿಲ್ಲ. ಅದಕ್ಕೆ ನಾಲ್ಕು ಪಟ್ಟು ಆಲ್ಕೋಹಾಲ್ ಸುರಿದರೆ ನೋಡನೋಡುತ್ತ ಬಿಳಿ ಎಳೆಗಳು ಶ್ಯಾವಿಗೆಯಂತೆ ಮೇಲೇಳುತ್ತಿದ್ದವು. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ತೆಗೆದರೆ ತಳದಲ್ಲಿ ಕೂತಿರುವುದೇ ಪಾಲಿಸ್ಯಾಕರೈಡ್, ಅಂದರೆ ಸಕ್ಕರೆ ಕಣಗಳ ಉದ್ದ ಸರಪಳಿ. ಬೀಟಾ ಗ್ಲೂಕನ್ ಅಂತ ಕ್ಯಾಪ್ಸೂಲಿನವರು ಕೂಗುತ್ತಾರಲ್ಲ, ಅದು ಸೇರಿರುವ ಗುಂಪು. ನೂರಾರು ಸಲ ನೋಡಿದ್ದೇನೆ. ಆ ಎಳೆ ಏಳುವ ಕ್ಷಣ ನನಗೆ ಒಮ್ಮೆಯೂ ಬೇಸರವಾಗಲಿಲ್ಲ.

ಒಂದು ಶುಕ್ರವಾರ ಸಂಜೆ ಕರೆಂಟ್ ಹೋಗಿ ಬಂದಾಗ ಶೇಕರ್ ಟ್ರಿಪ್ ಆಗಿ ನಿಂತಿತ್ತು. ನಾನು ನೋಡದೆ ಬೀಗ ಹಾಕಿ ಬಂದೆ. ಸೋಮವಾರ ಹೋದರೆ ಹನ್ನೆರಡೂ ಫ್ಲಾಸ್ಕಿನಲ್ಲಿ ಗುಂಡುಗಳು ತಳ ಹಿಡಿದಿವೆ, ಮೇಲೆ ಹಾಲಿನ ಕೆನೆಯಂಥ ಪೊರೆ. ಬೈಗುಳ ತಿಂದೆ. ಆದರೆ ಮುಂದೆ ಸರ್ ಅವರೇ ಒಂದು ಲೇಖನ ಓದಿ ಹೇಳಿದರು: ಚೀನಾದ ಸಂಶೋಧಕರು ಇದನ್ನೇ ಬೇಕಂತ ಮಾಡಿದ್ದಾರೆ. ಮೊದಲು ಅಲುಗಾಡಿಸಿ ಬೆಳೆಸಿ, ಆಮೇಲೆ ಅಲುಗಾಡಿಸದೆ ಬಿಟ್ಟರೆ ಈ ಅಣಬೆಯ ಕಹಿ ಅಂಶವಾದ ಗ್ಯಾನೊಡರಿಕ್ ಆಮ್ಲ ಹೆಚ್ಚುತ್ತದೆ ಅಂತ 2002ರಲ್ಲಿ ತೋರಿಸಿದ್ದಾರೆ. ನಾನು ಹಾಳು ಮಾಡಿದ್ದು ಅವರ ಎರಡನೆಯ ಹಂತ!

ಇದನ್ನು ಯಾಕೆ ಹೇಳಿದೆನೆಂದರೆ, ಅದೇ ಅಣಬೆ, ಅದೇ ರಸ, ಬರೇ ಶೇಕರ್ ನಿಂತಿದ್ದಕ್ಕೆ ಸರಕೇ ಬೇರೆಯಾಗುತ್ತದೆ. ಹಾಗಿರುವಾಗ ‘ಅಣಬೆ’ ಎಂಬ ಒಂದೇ ಪದ ಬರೆದು ಮಾರುವುದೆಂದರೆ ‘ಮೆಣಸಿನಕಾಯಿ’ ಅಂತ ಬರೆದು ಬ್ಯಾಡಗಿಯಲ್ಲಿ ಚೀಲ ಇಳಿಸಿದಂತೆ. ಅಲ್ಲಿ ಡಬ್ಬಿ ತಳಿಯೋ ಕಡ್ಡಿ ತಳಿಯೋ ಕೇಳದೆ, ಮುರಿದು ಮೂಸದೆ ಯಾರೂ ದರ ಹೇಳುವುದಿಲ್ಲ.

ಮೈಸೀಲಿಯಂ ಕಳಪೆ, ಫಲವೇ ಶ್ರೇಷ್ಠ ಅಂತಲೂ ನಾನು ಹೇಳುವುದಿಲ್ಲ. ಜಪಾನಿನಲ್ಲಿ 1977ರಲ್ಲಿ ಒಪ್ಪಿಗೆ ಪಡೆದ ಕ್ರೆಸ್ಟಿನ್ ಎಂಬ ಔಷಧವನ್ನು ಟ್ರಮೀಟಿಸ್ ವರ್ಸಿಕಲರ್ ಎಂಬ ಅಣಬೆಯ ಮೈಸೀಲಿಯಮ್ಮಿನಿಂದಲೇ ತೆಗೆಯುತ್ತಿದ್ದರು. ಅದನ್ನು ಕ್ಯಾನ್ಸರಿಗೆ ಕೀಮೋ ಜೊತೆಗೆ ಕೊಡುತ್ತಿದ್ದರು, ಕೀಮೋ ಬಿಡಿಸಿ ಅಲ್ಲ. ಹೆರಿಸಿಯಂ ಎಂಬ ಇನ್ನೊಂದು ಔಷಧಿ ಅಣಬೆಯಲ್ಲಿ ಎರಿನಾಸಿನ್ ಎಂಬ ಅಂಶ ಸಿಗುವುದು ನೂಲಿನಲ್ಲಿ, ಹೆರಿಸೆನೋನ್ ಎಂಬ ಅಂಶ ಸಿಗುವುದು ಫಲದಲ್ಲಿ. ಎರಡಕ್ಕೂ ಅದರದರ ಬೆಲೆ ಇದೆ.

ನನ್ನ ತಕರಾರು ಮೂರನೆಯದರ ಬಗ್ಗೆ. ಜೋಳವನ್ನೋ ಅಕ್ಕಿಯನ್ನೋ ಬೇಯಿಸಿ, ಚೀಲಕ್ಕೆ ತುಂಬಿ, ಅದರ ಮೇಲೆ ನೂಲು ಹಬ್ಬಿಸಿ, ಕಾಳು ಸಮೇತ ಒಣಗಿಸಿ ಬೀಸಿಬಿಡುವುದು. ಚಿಪ್ಪಣಬೆ ಬೆಳೆಯುವವರು ಬೀಜ ಮಾಡುವುದೂ ಹೀಗೆಯೇ, ಅದು ಬೇರೆ ಮಾತು. ಫ್ಲಾಸ್ಕಿನ ಗುಂಡುಗಳನ್ನು ಸೋಸಿ ತೊಳೆಯಬಹುದು. ಕಾಳಿನೊಳಗೆ ಹೊಕ್ಕ ನೂಲನ್ನು ಬಿಡಿಸುವವರು ಯಾರು?

ಆ ಹುಡುಗಿಯ ಎದುರಿಗೇ ಮೂರು ಬಶಿ ಇಟ್ಟೆ. ಒಂದರಲ್ಲಿ ಅವಳ ಕ್ಯಾಪ್ಸೂಲಿನ ಪುಡಿ, ಒಂದರಲ್ಲಿ ನಮ್ಮ ಮನೆಯ ಜೋಳದ ಹಿಟ್ಟು, ಇನ್ನೊಂದರಲ್ಲಿ ಸರ್ ನೆನಪಿಗೆ ಕೊಟ್ಟಿದ್ದ ಒಣ ಗ್ಯಾನೊಡರ್ಮಾ ತುಂಡನ್ನು ಅರದಿಂದ ಉಜ್ಜಿ ತೆಗೆದ ಪುಡಿ. ನೀರು ಹಾಕಿ ಕಲಸಿ ಟಿಂಚರ್ ಅಯೋಡಿನ್ ಎರಡೆರಡು ಹನಿ ಬಿಟ್ಟೆ. ಅಣಬೆ ಪುಡಿ ಅಯೋಡಿನ್ನಿನ ಕಂದು ಬಣ್ಣದಲ್ಲೇ ಉಳಿಯಿತು. ಅಣಬೆ ತನ್ನ ದಾಸ್ತಾನನ್ನು ಪಿಷ್ಟವಾಗಿ ಕೂಡಿಡುವುದಿಲ್ಲ, ನಮ್ಮ ಯಕೃತ್ತಿನ ಹಾಗೆ ಗ್ಲೈಕೋಜನ್ ಆಗಿ ಇಡುತ್ತದೆ. ಪಿಷ್ಟಕ್ಕೆ ಅಯೋಡಿನ್ ತಾಗಿದರೆ ನೀಲಿಯಾಗುತ್ತದೆ, ಜೋಳದ ಹಿಟ್ಟು ಕಡುನೀಲಿ. ಕ್ಯಾಪ್ಸೂಲಿನದೂ ಕಡುನೀಲಿ, ಎರಡು ಬಶಿ ಅದಲು ಬದಲು ಮಾಡಿದರೆ ನನಗೇ ಗುರುತು ಸಿಗುತ್ತಿರಲಿಲ್ಲ. ನಾಲಿಗೆಗೆ ಹಚ್ಚಿದೆ. ಗ್ಯಾನೊಡರ್ಮಾ ಬೇವಿನಷ್ಟು ಕಹಿ ಇರಬೇಕು. ಇದು ಸಪ್ಪೆ.

ಅವಳು ಬಶಿ ನೋಡಿ ಹೇಳಿದ್ದು: “ಅಂದ್ರ ಮಾವನೋರಿಗೆ ನಾ ಮೂರು ದಿನ ರೊಟ್ಟಿ ಪುಡಿ ಮಾಡಿ ನುಂಗಿಸಿದ್ನೇನ್ರಿ ಕಾಕಾ?”

ನ್ಯಾಯವಾಗಿ ಒಂದು ಮಾತು. ಈ ಪರೀಕ್ಷೆ ಪಿಷ್ಟ ಇದೆ ಅಂತಷ್ಟೇ ಹೇಳುತ್ತದೆ. ಅದು ಕಾಳಿನಿಂದ ಬಂತೋ, ಕ್ಯಾಪ್ಸೂಲ್ ತುಂಬಲು ಬೆರೆಸಿದ ಪುಡಿಯಿಂದ ಬಂತೋ ಹೇಳುವುದಿಲ್ಲ. ನೂಲು ಎಷ್ಟಿದೆ ಎಂದೂ ಹೇಳುವುದಿಲ್ಲ. ಅದಕ್ಕೇ ಕಂಪನಿಯ ಹೆಸರು ಬರೆದಿಲ್ಲ. ನಮ್ಮಲ್ಲಿ ಮಾತ್ರ ಹೀಗೆ ಅಂತಲೂ ಅಲ್ಲ. ಅಮೆರಿಕದಲ್ಲಿ ಕೊಂಡ 19 ರೀಶಿ ಉತ್ಪನ್ನಗಳನ್ನು ತಪಾಸಿಸಿದ ವರದಿ 2017ರಲ್ಲಿ ಬಂತು, ಲೇಬಲ್ಲಿಗೆ ಸರಿಹೊಂದಿದ್ದು ಐದೇ ಐದು.

ದ್ರವದಲ್ಲಿ ನೂಲು ಬೆಳೆಸುವವರ ಕಷ್ಟ ನನಗೆ ಗೊತ್ತು. ಟ್ಯಾಂಕು, ಗಾಳಿ ಪಂಪು, ದಿನದ 24 ತಾಸೂ ಕರೆಂಟು, ಒಂದು ಸಲ ಬ್ಯಾಕ್ಟೀರಿಯಾ ಹೊಕ್ಕರೆ ಇಡೀ ಟ್ಯಾಂಕು ಗಟಾರಕ್ಕೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಐಐಟಿ ಇದೆ, ಇಲ್ಲಿ ಕಲಿತ ಹುಡುಗರು ನಾಳೆ ಈ ಕೆಲಸ ಪ್ರಾಮಾಣಿಕವಾಗಿ ಮಾಡಬಹುದು. ಆದರೆ ತೊಳೆದು ಸೋಸಿದ ಮೈಸೀಲಿಯಂ ಮತ್ತು ಬೀಸಿದ ಕಾಳು ಎರಡೂ ಅಂಗಡಿಯಲ್ಲಿ ಒಂದೇ ಹೆಸರಿನಲ್ಲಿ ಕೂತರೆ, ಅಗ್ಗದ್ದು ಯಾವುದೋ ಅದೇ ಗೆಲ್ಲುತ್ತದೆ.

ಆದ್ದರಿಂದ ನನ್ನ ವಿನಂತಿ ಸರ್ಕಾರಕ್ಕಲ್ಲ, ನಿಮಗೇ. ಮುಂದಿನ ಸಲ ಇಂಥ ಜಾಹೀರಾತು ಬಂದರೆ ನಿಮ್ಮ ವಿಭಾಗದವರು ಹಣ ತೆಗೆದುಕೊಳ್ಳುವ ಮೊದಲು ಕೇಳಲಿ: ಫಲವೋ ನೂಲೋ? ನೂಲಾದರೆ ದ್ರವದಲ್ಲೋ ಕಾಳಿನ ಮೇಲೋ? ಬೀಟಾ ಗ್ಲೂಕನ್ ಶೇಕಡಾ ಎಷ್ಟು, ಪಿಷ್ಟ ಶೇಕಡಾ ಎಷ್ಟು? ಉತ್ತರವನ್ನು ಜಾಹೀರಾತಿನಲ್ಲೇ ಅಚ್ಚು ಹಾಕಲಿ, ಅಣಬೆಯ ಚಿತ್ರ ಸ್ವಲ್ಪ ಸಣ್ಣದಾದರೂ ಅಡ್ಡಿಯಿಲ್ಲ.

ಪಕ್ಕದ ಮನೆಯ ಯಜಮಾನರು ಡಾಕ್ಟರ್ ಕೊಟ್ಟ ಗುಳಿಗೆ ಬಿಟ್ಟಿರಲಿಲ್ಲ, ಅದೊಂದು ಪುಣ್ಯ. ಒಡೆದ ಡಬ್ಬಿ ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದನಂತೆ ಅಂಗಡಿಯವ. ಐವತ್ತು ಚಿಲ್ಲರೆ ಕ್ಯಾಪ್ಸೂಲ್ ಈಗ ನಮ್ಮ ಮನೆಯ ಗೂಡಿನಲ್ಲಿವೆ. ನಿಮ್ಮ ಕಚೇರಿಯವರು ಯಾರಾದರೂ ಬಂದರೆ ಬಶಿ, ಟಿಂಚರ್ ಎರಡೂ ತಯಾರಿವೆ.

ಇಂತಿ,
ನಿವೃತ್ತ ಲ್ಯಾಬ್ ಸಹಾಯಕ
ಮಾಳಮಡ್ಡಿ, ಧಾರವಾಡ